ಲಿಪಿಕಾರನ ತಪ್ಪು

ಕಾಯಿಲೆಗಳಲ್ಲಿಯೂ ಜಾತಿಭೇದವುಂಟು. ಹೃದಯದ ಬೇನೆಯೆಂದರೆ ಅದಕ್ಕೊಂದು ಗೌರವ. ಅದು ಬಂದವರನ್ನು ನೋಡಲು ಹಣ್ಣಿನ ಬುಟ್ಟಿ ಹಿಡಿದು ನಾಲ್ಕು ಜನ ಹೋಗುತ್ತಾರೆ. ಸಕ್ಕರೆ ಕಾಯಿಲೆಯವರು ಮದುವೆಯ ಪಂಕ್ತಿಯಲ್ಲಿ ಕುಳಿತು, ಹೋಳಿಗೆ ಬಡಿಸುವವನ ಕೈಯನ್ನು ತಡೆದು, ತಮ್ಮ ರಕ್ತದ ಲೆಕ್ಕವನ್ನು ಅಕ್ಕಪಕ್ಕದವರಿಗೆ ಕೇಳುವಂತೆ ಒಪ್ಪಿಸುತ್ತಾರೆ. ಮಂಡಿನೋವು, ರಕ್ತದೊತ್ತಡ, ಕಣ್ಣಿನ ಪೊರೆ ಇವೆಲ್ಲ ಹಜಾರದಲ್ಲಿ ಕುಳಿತು ಮಾತನಾಡಬಹುದಾದ ಕುಲೀನ ಕಾಯಿಲೆಗಳು. ಆದರೆ ದೇಹದ ಒಂದು ಭಾಗದಲ್ಲಿ ಬಂದ ಕಾಯಿಲೆಗೆ ಹಜಾರದೊಳಗೆ ಪ್ರವೇಶವಿಲ್ಲ. ಅದನ್ನು ಹಿತ್ತಿಲಲ್ಲಿಯೇ ನಿಲ್ಲಿಸಿ, ಪಿಸುಮಾತಿನಲ್ಲಿ ವಿಚಾರಿಸಿ, ಗುಟ್ಟಾಗಿ ಮದ್ದು ಕೊಟ್ಟು ಕಳುಹಿಸಬೇಕು. ಕಳುಹಿಸಿದರೂ ಹೋಗದಿದ್ದಾಗ ಏನು ಮಾಡಬೇಕೆಂಬುದನ್ನು ಮಾತ್ರ ನಮಗೆ ಯಾರೂ ಕಲಿಸಿರುವುದಿಲ್ಲ.

ನನ್ನ ಅಣ್ಣನಿಗೆ ಬಂದದ್ದು ಇಂಥ ಕಾಯಿಲೆ. ಅವನು ತಿಪಟೂರಿನ ಸಮೀಪದ ನಮ್ಮ ಹಳ್ಳಿಯಲ್ಲಿ ತೆಂಗಿನ ತೋಟ ನೋಡಿಕೊಂಡಿರುವವನು. ನನಗಿಂತ ನಾಲ್ಕು ವರ್ಷ ಹಿರಿಯ. 1990ರ ಮಾರ್ಗಶಿರದಲ್ಲಿ ನಮ್ಮ ತಂದೆ ತಮ್ಮ ನಲವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅಣ್ಣ ಆಗತಾನೆ ಎಸ್.ಎಸ್.ಎಲ್.ಸಿ. ಮುಗಿಸಿದ್ದ. ಪುಸ್ತಕಗಳನ್ನು ಗಂಟುಕಟ್ಟಿ ಅಟ್ಟದ ಮೇಲಿಟ್ಟು ತೋಟಕ್ಕಿಳಿದ. ಅವನು ಇಳಿದುದರಿಂದ ನಾನು ಹತ್ತಿದೆ, ಕನ್ನಡ ಎಂ.ಎ. ಮಾಡಿ, ಕಾಲೇಜಿನಲ್ಲಿ ಉಪನ್ಯಾಸಕನಾಗಿ, ಮಾತನ್ನೇ ವೃತ್ತಿಯಾಗಿ ಮಾಡಿಕೊಂಡೆ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಆ ಮಾತು ಎಲ್ಲಿ ಕೈಕೊಟ್ಟಿತೆಂಬುದನ್ನೂ, ಎಲ್ಲಿ ಕೈಹಿಡಿಯಿತೆಂಬುದನ್ನೂ.

2023ರ ಯುಗಾದಿಯಿಂದ ದೀಪಾವಳಿಯವರೆಗೆ ಎಂಟು ತಿಂಗಳ ಕಾಲ ಅಣ್ಣನಿಗೆ ಮಲದೊಡನೆ ರಕ್ತ ಹೋಗುತ್ತಿತ್ತು. ಅವನು ಯಾರಿಗೂ ಹೇಳಲಿಲ್ಲ. ಹೇಳಿದ್ದರೂ ಮೂಲವ್ಯಾಧಿಯೆಂದೇ ನಾವೆಲ್ಲ ತಿಳಿಯುತ್ತಿದ್ದೆವು. ಆ ವ್ಯಾಧಿಗೆ ಮದ್ದಿನ ಕೊರತೆಯೇ? ಸುವರ್ಣಗೆಡ್ಡೆಯ ಪಲ್ಯ ತಿಂದ, ಮಜ್ಜಿಗೆ ಕುಡಿದ, ಹೆದ್ದಾರಿಯ ಪಕ್ಕದ ಫಲಕ ನೋಡಿ ಯಾರೋ ಕೊಟ್ಟ ಪೊಟ್ಟಣವನ್ನೂ ನುಂಗಿದ. ಕಡೆಗೆ ಪಟ್ಟಣದ ವೈದ್ಯರೊಬ್ಬರ ಬಳಿಗೆ ಹೋದ. ಅವರು ಮೇಜಿನ ಆಚೆಯಿಂದಲೇ ನಾಲ್ಕು ಪ್ರಶ್ನೆ ಕೇಳಿ ಮುಲಾಮು ಬರೆದುಕೊಟ್ಟರು. ಕೈಗವಸು ತೊಟ್ಟು ಒಂದು ಬೆರಳಿನಿಂದ ಪರೀಕ್ಷಿಸಿದ್ದರೆ ಅಂದೇ ತಿಳಿಯುತ್ತಿತ್ತೆಂದು ಆಮೇಲೆ ಬಲ್ಲವರು ಹೇಳಿದರು. ಗಂತಿ ಬೆರಳಿಗೆ ಎಟಕುವಷ್ಟು ಕೆಳಗೇ ಇತ್ತು. ಆದರೆ ಪರೀಕ್ಷಿಸಲು ಅವರಿಗೂ ಸಂಕೋಚ, ಪರೀಕ್ಷಿಸಿಕೊಳ್ಳಲು ಇವನಿಗೂ ಸಂಕೋಚ. ಇಬ್ಬರ ದಾಕ್ಷಿಣ್ಯದ ನಡುವೆ ಎಂಟು ತಿಂಗಳು ಕಳೆದುಹೋಯಿತು.

ದೀಪಾವಳಿಗೆ ಊರಿಗೆ ಹೋದಾಗ ಅಣ್ಣನ ಅಂಗಿ ಅವನ ಹೆಗಲ ಮೇಲೆ ಗೂಟಕ್ಕೆ ಹಾಕಿದಂತೆ ನೇತಾಡುತ್ತಿತ್ತು. ಅತ್ತಿಗೆ ನನ್ನನ್ನು ಹಿತ್ತಿಲಿಗೆ ಕರೆದು, ಬಾವಿಕಟ್ಟೆಯ ಬಳಿ ನಿಂತು, ನೆಲ ನೋಡುತ್ತ, “ನಿಮ್ಮಣ್ಣನಿಗೆ ಹೊರಕಡೆಗೆ ಹೋಗುವಾಗ ತೊಂದರೆ. ನನ್ನ ಕೈಲಿ ಹೇಳೋಕಾಗಲ್ಲ, ನೀವೇ ಕೇಳಿ” ಎಂದರು. ನಾನು ಅಣ್ಣನ ಬಳಿ ಹೋದೆ. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಆ ಪ್ರಶ್ನೆಯನ್ನು ಕೇಳಲು ಒಂದು ಪದ ಸಿಗಲಿಲ್ಲ. ಆಡುನುಡಿಯ ಪದ ಬೈಗುಳವಾಗಿತ್ತು. ಗ್ರಾಂಥಿಕ ಪದ ಪಠ್ಯಪುಸ್ತಕವಾಗಿತ್ತು. ನಡುವೆ ಅಣ್ಣತಮ್ಮಂದಿರು ಆಡಿಕೊಳ್ಳಬಹುದಾದ ಒಂದು ಸಾಧಾರಣ ಮಾತು ನಮ್ಮ ಮನೆಯ ನಿಘಂಟಿನಲ್ಲಿ ಇರಲಿಲ್ಲ. “ಏನಣ್ಣಾ, ಹೊಟ್ಟೆ ಸರಿಯಿಲ್ಲವಂತೆ?” ಎಂದೆ. “ಹೊಟ್ಟೆಯೇನೋ ಸರಿಯಾಗೇ ಐತೆ ಕಣೋ” ಎಂದು ಅವನು ನಕ್ಕ. ಮರುದಿನ ರೈಲಿನಲ್ಲಿ ಬೆಂಗಳೂರಿಗೆ ಕರೆತಂದೆ.

ನಮ್ಮ ಪೂರ್ವಿಕರಿಗೆ ಈ ಸಂಕೋಚವಿರಲಿಲ್ಲವೆಂಬುದು ಆಶ್ಚರ್ಯ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಮೂಲವ್ಯಾಧಿಗೊಂದು ಅಧ್ಯಾಯ, ಭಗಂದರಕ್ಕೊಂದು ಅಧ್ಯಾಯ ಮೀಸಲಾಗಿವೆ. ಒಳಗನ್ನು ನೋಡುವುದಕ್ಕೆಂದೇ ಹಸುವಿನ ಮೊಲೆಯ ಆಕಾರದ ಅರ್ಶೋಯಂತ್ರವೆಂಬ ಉಪಕರಣವನ್ನು ಅದು ವರ್ಣಿಸುತ್ತದೆ. ಮಾಂಸದ ಕೆಟ್ಟ ಬೆಳವಣಿಗೆಗೆ ಅದು ಕೊಟ್ಟ ಹೆಸರು ಅರ್ಬುದ. ಒಂದು ಅರ್ಬುದವಿರುವಲ್ಲಿ ಮತ್ತೊಂದು ಹುಟ್ಟಿದರೆ ಅಧ್ಯರ್ಬುದ. ಜೋಡಿಯಾಗಿಯೋ ಒಂದರ ಹಿಂದೊಂದಾಗಿಯೋ ಎರಡು ತಲೆದೋರಿದರೆ ದ್ವಿರರ್ಬುದ. ಈ ದ್ವಿರರ್ಬುದ ಅಸಾಧ್ಯವೆಂದು ಶಾಸ್ತ್ರಕಾರ ಕೈಚೆಲ್ಲುತ್ತಾನೆ. ಗ್ರೀಸಿನ ಹಿಪ್ಪೊಕ್ರೇಟಸನ ಪರಂಪರೆಯವರು ಈ ರೋಗಕ್ಕೆ ಏಡಿಯ ಹೆಸರಿಟ್ಟರು. ಆ ಏಡಿಯೇ ಲ್ಯಾಟಿನ್ನಿನಲ್ಲಿ ಕ್ಯಾನ್ಸರ್ ಆಗಿ, ನಮ್ಮಲ್ಲಿ ಏಡಿಗಂತಿಯಾಯಿತು. 1973ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ಕಿದ್ವಾಯಿ ಸಂಸ್ಥೆಯ ಕನ್ನಡ ಹೆಸರಿನಲ್ಲಿಯೂ ‘ಗಂಥಿ’ಯೆಂಬ ಪದವಿದೆ. ಪದಗಳಿಗೆ ಬಡತನವಿಲ್ಲ, ಅವನ್ನು ಉಚ್ಚರಿಸುವ ನಾಲಿಗೆಗೆ ಮಾತ್ರ ಬಡತನ.

*

ಪರೀಕ್ಷೆಗಳಾದವು. ಗುದನಾಳದ ಒಳಗೋಡೆಯಲ್ಲಿ ಗಂತಿ; ಯಕೃತ್ತಿನಲ್ಲಿ ಮೂರು ಕಲೆಗಳು. “ಹರಡಿದೆ” ಎಂದರು ವೈದ್ಯರು. ಕನ್ನಡದಲ್ಲಿ ಎಂಥ ಸುಂದರವಾದ ಕ್ರಿಯಾಪದ ಅದು! ಬಳ್ಳಿ ಹರಡುತ್ತದೆ, ಪರಿಮಳ ಹರಡುತ್ತದೆ, ಕೀರ್ತಿ ಹರಡುತ್ತದೆ. ಅಂದಿನಿಂದ ಆ ಪದವನ್ನು ತರಗತಿಯಲ್ಲಿ ಬಳಸುವಾಗ ನನ್ನ ಗಂಟಲು ಒಂದು ಕ್ಷಣ ನಿಲ್ಲುತ್ತದೆ.

ಹರಡುವುದಕ್ಕೂ ಒಂದು ದಾರಿಯಿದೆ. ಗುದನಾಳದ ಮೇಲ್ಭಾಗದ ರಕ್ತನಾಳಗಳು ಕರುಳಿನ ಉಳಿದ ರಕ್ತದೊಡನೆ ಕೂಡಿ ನೇರವಾಗಿ ಯಕೃತ್ತಿಗೆ ಹೋಗುತ್ತವೆ; ಕೆಳಭಾಗದವು ಯಕೃತ್ತನ್ನು ಮುಟ್ಟದೆ, ಹೃದಯದ ಮೂಲಕ ಶ್ವಾಸಕೋಶಕ್ಕೆ ಹೋಗುತ್ತವೆ. ಗಂತಿಯಿಂದ ಕಳಚಿಕೊಂಡ ಜೀವಕೋಶಗಳು ಈ ಹೊಳೆಗಳಲ್ಲಿ ತೇಲಿ, ನಿಂತ ದಡದಲ್ಲಿ ಬೇರುಬಿಡುತ್ತವೆ. ಗಂತಿ ಒಂದೇ ಕಡೆ ಇದ್ದರೆ ಶಸ್ತ್ರಕ್ರಿಯೆಯಿಂದ ಬುಡಸಹಿತ ತೆಗೆಯುವ ಆಸೆ ಇಟ್ಟುಕೊಳ್ಳಬಹುದು. 1908ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಮೈಲ್ಸ್ ಎಂಬ ಶಸ್ತ್ರವೈದ್ಯರು ಅಂಥ ಶಸ್ತ್ರಕ್ರಿಯೆಯೊಂದನ್ನು ವಿವರಿಸಿ ದಾರಿ ಹಾಕಿಕೊಟ್ಟರು. ಹರಡಿದ ಮೇಲೆ ಬಹುಮಟ್ಟಿಗೆ ಮದ್ದೇ ಗತಿ. 1957ರಲ್ಲಿ ಬೆಳಕಿಗೆ ಬಂದ ಫ್ಲೂರೊಯುರಾಸಿಲ್ ಎಂಬುದು ಇಂದಿಗೂ ಆ ಚಿಕಿತ್ಸೆಯ ಬೆನ್ನೆಲುಬು. ಅದರ ಜೊತೆಗೆ ಬೇರೆ ಮದ್ದುಗಳು ಸೇರಿಕೊಂಡಿವೆ. ಯಕೃತ್ತಿನ ಕಲೆಗಳು ಕೆಲವೇ ಆಗಿದ್ದರೆ ಅವನ್ನು ಕತ್ತರಿಸಿ ತೆಗೆಯುವುದೂ ಉಂಟು. ಅಣ್ಣನಿಗೂ ಈ ಹಾದಿಯನ್ನೇ ಗೊತ್ತುಮಾಡಿ, ಮುಂದಿನ ಸೋಮವಾರ ಬರಹೇಳಿದರು.

ಆ ಸೋಮವಾರದೊಳಗೆ ಒಂದು ಘಟನೆ ನಡೆಯಿತು. ವಾರ್ಡಿನಲ್ಲಿದ್ದ ತರುಣ ವೈದ್ಯೆಯೊಬ್ಬರು ಅಣ್ಣನ ಚೀಟಿಯನ್ನು ತುಂಬುತ್ತ, “ಮನೆಯಲ್ಲಿ ಇನ್ನಾರಿಗಾದರೂ ಕ್ಯಾನ್ಸರ್ ಆಗಿತ್ತೇ?” ಎಂದು ಕೇಳಿದರು. ಅಣ್ಣ ಇಲ್ಲವೆಂದು ತಲೆಯಾಡಿಸಿದ. “ನಿಮ್ಮ ತಂದೆ ಯಾವುದರಿಂದ ತೀರಿಕೊಂಡರು?” “ಹೊಟ್ಟೆಹುಣ್ಣು.” “ಎಷ್ಟು ವಯಸ್ಸು?” “ನಲವತ್ತಮೂರು.” ಆಕೆ ಬರೆಯುತ್ತಿದ್ದ ಲೇಖನಿಯನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. ಆಗ ನಾನು ಒಂದೊಂದಾಗಿ ಹೇಳಿದೆ: ತಂದೆಗೂ ಕಡೆಕಡೆಗೆ ರಕ್ತ ಹೋಗುತ್ತಿತ್ತು, ಅವರ ಅಕ್ಕ, ನಮ್ಮ ಸೋದರತ್ತೆ, ಐವತ್ತು ತುಂಬುವ ಮೊದಲೇ ಗರ್ಭಕೋಶದ ಏಡಿಗಂತಿಯಿಂದ ಹೋದರು, ತಾತನೂ ನಡುವಯಸ್ಸಿನಲ್ಲಿ ಹೊಟ್ಟೆನೋವಿನಿಂದಲೇ ಹೋದವರು. ಮನೆಯಲ್ಲಿ ಇದಕ್ಕೆ ನಾಗದೋಷವೆಂದು ಹೆಸರಿತ್ತು. ಅಜ್ಜಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ಆಶ್ಲೇಷಾಬಲಿ ಮಾಡಿಸಿ ಬಂದಿದ್ದರು. ಆಕೆ ನಗಲಿಲ್ಲ. “ನಿಮ್ಮ ಅಜ್ಜಿ ಸರಿಯಾಗಿಯೇ ಗುರುತಿಸಿದ್ದಾರೆ, ಮೇಷ್ಟ್ರೇ. ಇದು ವಂಶದಲ್ಲಿ ಬರುವ ದೋಷವೇ ಇರಬಹುದು. ಸೋಮವಾರಕ್ಕೆ ಮೊದಲು ಇನ್ನೊಂದು ಪರೀಕ್ಷೆ ಮಾಡಿಸೋಣ” ಎಂದರು.

*

ಆ ಪರೀಕ್ಷೆಯ ಮರ್ಮವನ್ನು ಆಕೆ ವಿವರಿಸಿದಾಗ, ನನಗೆ ಪರಿಚಿತವಾದ ಊರಿಗೆ ಅಪರಿಚಿತ ದಾರಿಯಿಂದ ಬಂದಂತೆ ಆಯಿತು. ಹೇಗೆಂದರೆ, ನಾನು ಎಂ.ಎ. ತರಗತಿಗೆ ಗ್ರಂಥಸಂಪಾದನ ಶಾಸ್ತ್ರವನ್ನು ಪಾಠ ಹೇಳುವವನು. ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು, ಲಿಪಿಕಾರರು ಎಲ್ಲೆಲ್ಲಿ ತಪ್ಪುತ್ತಾರೆಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸುವುದು ನನ್ನ ಕೆಲಸ. ಲಿಪಿಕಾರ ಎಲ್ಲ ಕಡೆಯೂ ಸಮನಾಗಿ ತಪ್ಪುವುದಿಲ್ಲ. ಒಂದೇ ಅಕ್ಷರವೋ ಪದವೋ ಮತ್ತೆ ಮತ್ತೆ ಬರುವಲ್ಲಿ ಅವನ ಕಣ್ಣು ಜಾರುತ್ತದೆ. ನಾಲ್ಕು ಸಲ ಇದ್ದುದನ್ನು ಮೂರು ಸಲ ಬರೆಯುತ್ತಾನೆ, ಇಲ್ಲವೆ ಐದು ಸಲ ಬರೆಯುತ್ತಾನೆ.

ನಮ್ಮ ಒಂದೊಂದು ಜೀವಕೋಶದೊಳಗೂ ಸುಮಾರು 300 ಕೋಟಿ ಅಕ್ಷರಗಳ ಒಂದು ಗ್ರಂಥವಿದೆ. ಅದರ ವರ್ಣಮಾಲೆಯಲ್ಲಿರುವುದು ನಾಲ್ಕೇ ಅಕ್ಷರ. ಜೀವಕೋಶ ಎರಡಾದಾಗಲೆಲ್ಲ ಈ ಗ್ರಂಥ ಪ್ರತಿಯಾಗಬೇಕು. ಇಲ್ಲಿಯ ಲಿಪಿಕಾರನೂ, ಅಕ್ಷರಗಳು ಸಾಲಾಗಿ ಪುನರಾವರ್ತನೆಯಾಗುವ ಕಡೆಗಳಲ್ಲಿಯೇ ಹೆಚ್ಚಾಗಿ ತಪ್ಪುತ್ತಾನೆ. ಅವನ ಬೆನ್ನ ಹಿಂದೆ ಕರಡು ತಿದ್ದುವವರ ಒಂದು ತಂಡ ಇರುವುದರಿಂದಲೇ ನಾವು ನೀವು ಬದುಕಿದ್ದೇವೆ. ಈ ತಿದ್ದುಪಡಿಯ ಕ್ರಮವನ್ನು ಬಿಡಿಸಿ ತೋರಿಸಿದ ಪಾಲ್ ಮಾಡ್ರಿಚ್ ಅವರು 2015ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಇಬ್ಬರೊಡನೆ ಹಂಚಿಕೊಂಡರು. ತಂಡದ ಮುಖ್ಯರು ನಾಲ್ವರು, ಎಂ.ಎಲ್.ಎಚ್.1, ಎಂ.ಎಸ್.ಎಚ್.2, ಎಂ.ಎಸ್.ಎಚ್.6, ಪಿ.ಎಂ.ಎಸ್.2 ಎಂದು ಅವರ ಹೆಸರು. ಗಂತಿಯ ಒಂದು ಚೂರಿಗೆ ಬಣ್ಣಕಟ್ಟಿ ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ, ನಾಲ್ವರಲ್ಲಿ ಯಾರು ಗೈರುಹಾಜರೆಂದು ತಿಳಿಯುತ್ತದೆ. ಒಬ್ಬನು ಇಲ್ಲದಿದ್ದರೂ ಕರಡು ಕೆಡುತ್ತದೆ. ತಪ್ಪಿನ ಮೇಲೆ ತಪ್ಪು ಸೇರಿ, ಕಡೆಗೊಂದು ದಿನ ಜೀವಕೋಶ ಅಂಕೆ ಮೀರಿ ಬೆಳೆಯತೊಡಗುತ್ತದೆ.

ಇಂಥ ಗಂತಿ ಅಪರೂಪ. ದೊಡ್ಡ ಕರುಳು ಮತ್ತು ಗುದನಾಳದ ಏಡಿಗಂತಿ ಹರಡಿದವರಲ್ಲಿ 100ಕ್ಕೆ ನಾಲ್ಕೈದು ಮಂದಿಯಲ್ಲಿ ಮಾತ್ರ ಈ ಬಗೆ ಕಾಣುತ್ತದೆ. ಅವರಲ್ಲಿಯೂ ಕೆಲವರಿಗೆ ಅದು ವಂಶದಿಂದ ಬಂದುದಲ್ಲ, ವಯಸ್ಸಿನೊಡನೆ ಬಂದುದು. ಅಣ್ಣನ ಗಂತಿಯಲ್ಲಿ ಎಂ.ಎಸ್.ಎಚ್.2, ಎಂ.ಎಸ್.ಎಚ್.6 ಎರಡೂ ಇರಲಿಲ್ಲ. ರಕ್ತಪರೀಕ್ಷೆಯಿಂದ, ಆ ಕೊರತೆ ಹುಟ್ಟಿನಿಂದ ಬಂದುದೆಂದು ಖಚಿತವಾಯಿತು.

ಗ್ರಂಥಸಂಪಾದನೆಯಲ್ಲಿ ಇನ್ನೊಂದು ಸೂತ್ರವುಂಟು. ಎರಡು ಪ್ರತಿಗಳಲ್ಲಿ ಒಂದೇ ವಿಲಕ್ಷಣವಾದ ತಪ್ಪು ಕಂಡರೆ, ಅವೆರಡೂ ಒಂದೇ ಮಾತೃಕೆಯಿಂದ ಇಳಿದುಬಂದವೆಂದು ಊಹಿಸಬೇಕು. ಸರಿಯಾದ ಪಾಠ ಎಲ್ಲಿಂದಲಾದರೂ ಬರಬಹುದು. ಸಮಾನವಾದ ತಪ್ಪು ಮಾತ್ರ ವಂಶವನ್ನು ಹೇಳುತ್ತದೆ. ವೈದ್ಯಲೋಕದಲ್ಲಿ ಈ ಸೂತ್ರಕ್ಕೆ ಒಬ್ಬ ಹೊಲಿಗೆಯ ಹೆಂಗಸು ಕಾರಣಳಾದಳು. 1895ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ಆಲ್ಡ್ರೆಡ್ ವಾರ್ತಿನ್ ಎಂಬ ರೋಗತಜ್ಞರ ಮನೆಗೆ ಹೊಲಿಗೆ ಮಾಡಿಕೊಡುತ್ತಿದ್ದಾಕೆ ಬಹಳ ಖಿನ್ನಳಾಗಿದ್ದಳು. ಕಾರಣ ಕೇಳಿದಾಗ, ತನ್ನ ಮನೆಯವರೆಲ್ಲ ಹೊಟ್ಟೆ, ಕರುಳು, ಗರ್ಭಕೋಶಗಳ ಏಡಿಗಂತಿಯಿಂದಲೇ ಸತ್ತರೆಂದೂ ತನ್ನ ಗತಿಯೂ ಅದೇ ಎಂದೂ ಹೇಳಿದಳು. ಆಕೆ ಹೇಳಿದಂತೆಯೇ, ಇನ್ನೂ ಚಿಕ್ಕ ವಯಸ್ಸಿನಲ್ಲಿ, ಗರ್ಭಕೋಶದ ಏಡಿಗಂತಿಯಿಂದ ಸತ್ತಳು. ವಾರ್ತಿನ್ ಅವರು ಆ ಮನೆತನದ ವಂಶವೃಕ್ಷವನ್ನು ಬರೆದು 1913ರಲ್ಲಿ ಪ್ರಕಟಿಸಿದರು. ಲೋಕ ಅದನ್ನು ಅಷ್ಟಾಗಿ ಲಕ್ಷಿಸಲಿಲ್ಲ. 1966ರಲ್ಲಿ ಹೆನ್ರಿ ಲಿಂಚ್ ಎಂಬ ವೈದ್ಯರು ಇಂಥವೇ ಎರಡು ಮನೆತನಗಳ ಕಥೆಯನ್ನು ಹೇಳಿದ ಮೇಲೆ ಕ್ರಮೇಣ ಜನ ಒಪ್ಪಿದರು. ಈಗ ಈ ದೋಷಕ್ಕೆ ಅವರದೇ ಹೆಸರು. ನನಗೆ ಮಾತ್ರ ನೆನಪಾಗುವುದು ಆ ಹೊಲಿಗೆಯ ಹೆಂಗಸು. ಆಕೆಗೂ ನಮ್ಮ ಅಜ್ಜಿಗೂ ಭೂಗೋಳದ ಅರ್ಧದಷ್ಟು ಅಂತರ. ಕಂಡುಕೊಂಡ ಸತ್ಯ ಒಂದೇ. ಆಕೆಯ ಮಾತನ್ನು ಕೇಳಿಸಿಕೊಂಡು ಬರೆದುಕೊಂಡವರಿದ್ದರು, ಅಷ್ಟೇ ವ್ಯತ್ಯಾಸ.

*

ಇನ್ನು ಚಿಕಿತ್ಸೆಯ ಮಾತು. ಯಾವ ದೋಷದಿಂದ ಗಂತಿ ಹುಟ್ಟಿತೋ ಆ ದೋಷವೇ ಅದರ ಮರ್ಮಸ್ಥಾನವೂ ಆಗಿರುವುದು ಈ ಕಥೆಯ ಸೋಜಿಗ. ನಮ್ಮ ರಕ್ತದಲ್ಲಿ ಅಲೆದಾಡುವ ಕಾವಲುಗಾರ ಕಣಗಳು ತಮ್ಮವರನ್ನೂ ಪರಕೀಯರನ್ನೂ ಗುರುತಿಸಬಲ್ಲವು. ಏಡಿಗಂತಿ ಸಾಮಾನ್ಯವಾಗಿ ಮನೆಯವನ ವೇಷದಲ್ಲಿಯೇ ಇರುವುದರಿಂದ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಆದರೆ ಕರಡು ತಿದ್ದುವವರಿಲ್ಲದ ಗಂತಿಯಲ್ಲಿ ತಪ್ಪುಗಳು ಸಾವಿರಗಟ್ಟಲೆ. ಅದರ ವೇಷ ಅಲ್ಲಲ್ಲಿ ಹರಿದಿರುತ್ತದೆ. ಕಾವಲುಗಾರರು ಅದನ್ನು ಗುರುತಿಸಿ ಸುತ್ತುವರಿಯುತ್ತಾರೆ. ಗುರುತಿಸಿಯೂ ಏಕೆ ಕೊಲ್ಲುವುದಿಲ್ಲ? ಏಕೆಂದರೆ ಒಂದೊಂದು ಕಾವಲುಗಾರ ಕಣದ ಮೇಲೂ ಒಂದು ತಡೆಯಿದೆ. ಅದನ್ನು ಮುಟ್ಟಿದರೆ ಕಾವಲುಗಾರ ಸುಮ್ಮನಾಗುತ್ತಾನೆ. ಕಾವಲುಗಾರರು ಮೈಮರೆತು ಮನೆಯನ್ನೇ ಸುಡದಿರಲೆಂದು ಪ್ರಕೃತಿ ಇಟ್ಟ ತಡೆ ಅದು. ಕಳ್ಳ ಆ ತಡೆಯನ್ನು ಕಲಿತುಕೊಂಡು, ಬಂದವರ ತಡೆಯನ್ನು ಮುಟ್ಟಿ ಮುಟ್ಟಿ ಹಿಂದಕ್ಕೆ ಕಳುಹಿಸುತ್ತಿರುತ್ತಾನೆ.

ಜಪಾನಿನ ಕ್ಯೋಟೊ ನಗರದ ತಸುಕು ಹೊಂಜೊ ಅವರು 1992ರಲ್ಲಿ ಇಂಥ ಒಂದು ತಡೆಯನ್ನು ಕಂಡುಹಿಡಿದರು. ಮತ್ತೊಂದು ತಡೆಯನ್ನು ಕಳಚುವ ಉಪಾಯವನ್ನು ಅಮೆರಿಕದ ಜೇಮ್ಸ್ ಆಲಿಸನ್ ತೋರಿಸಿದರು. ಇಬ್ಬರಿಗೂ ಕೂಡಿ 2018ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಬಂತು. ಹೊಂಜೊ ಅವರ ತಡೆಯ ಮೇಲೆ ಮುಚ್ಚಳದಂತೆ ಕುಳಿತು, ಕಳ್ಳನ ಕೈಗೆ ಅದು ಸಿಗದಂತೆ ಮಾಡುವ ಮದ್ದುಗಳಲ್ಲಿ ಪೆಂಬ್ರೊಲಿಜುಮ್ಯಾಬ್ ಒಂದು. ಅದು ಗಂತಿಯನ್ನು ಮುಟ್ಟುವುದಿಲ್ಲ. ಕಾವಲುಗಾರನನ್ನು ಎಚ್ಚರಿಸುತ್ತದೆ, ಅಷ್ಟೆ.

ಫಲವೇನು? ಕರುಳು ಅಥವಾ ಗುದನಾಳದಲ್ಲಿ ಈ ಬಗೆಯ ಗಂತಿಯಾಗಿ ಹರಡಿದ್ದ 307 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ವರದಿ 2020ರಲ್ಲಿ ಹೊರಬಂತು. ರೋಗ ಮುಂದುವರಿಯದೆ ನಿಂತ ಅವಧಿಯ ಮಧ್ಯಮಾನ, ಹಳೆಯ ಮದ್ದಿನವರಲ್ಲಿ 8.2 ತಿಂಗಳಾದರೆ ಹೊಸ ಮದ್ದಿನವರಲ್ಲಿ 16.5 ತಿಂಗಳು. ಹೊಸ ಮದ್ದಿನವರಲ್ಲಿ 100ಕ್ಕೆ ಸುಮಾರು 44 ಮಂದಿಯ ಗಂತಿ ಗಣನೀಯವಾಗಿ ಕುಗ್ಗಿತು. ಕುಗ್ಗಿದವರಲ್ಲಿ ಅನೇಕರಿಗೆ ವರ್ಷಗಟ್ಟಲೆ ಮತ್ತೆ ಬೆಳೆಯಲಿಲ್ಲ. ಇದೇ ವರದಿಯ ಇನ್ನೊಂದು ಮಗ್ಗುಲನ್ನು ಮರೆಮಾಚುವುದು ಅಪ್ರಾಮಾಣಿಕವಾದೀತು: 100ಕ್ಕೆ 29 ಮಂದಿಯಲ್ಲಿ ಗಂತಿ ಮದ್ದನ್ನು ಲೆಕ್ಕಿಸದೆ ಬೆಳೆಯಿತು. 2024ರಲ್ಲಿ, ಎರಡು ತಡೆಗಳನ್ನೂ ಒಟ್ಟಿಗೆ ಕಳಚುವ ಜೋಡಿಮದ್ದಿನ ವರದಿ ಪ್ರಕಟವಾಯಿತು. ಎರಡು ವರ್ಷದ ಕೊನೆಗೆ 100ಕ್ಕೆ 72 ಮಂದಿಯಲ್ಲಿ ರೋಗ ಮುಂದುವರಿದಿರಲಿಲ್ಲ, ಹಳೆಯ ಮದ್ದಿನವರಲ್ಲಿ ಆ ಸಂಖ್ಯೆ 14.

ಇಲ್ಲಿ ಒಂದು ಎಚ್ಚರಿಕೆಯ ಮಾತು ಸಲ್ಲುತ್ತದೆ. 2022ರ ಜೂನ್ ತಿಂಗಳಲ್ಲಿ, ನ್ಯೂಯಾರ್ಕಿನಲ್ಲಿ ಗುದನಾಳದ ಏಡಿಗಂತಿಯ ಹನ್ನೆರಡು ಮಂದಿಗೆ ಡೊಸ್ಟಾರ್ಲಿಮ್ಯಾಬ್ ಎಂಬ ಇದೇ ಜಾತಿಯ ಮದ್ದನ್ನು ಕೊಟ್ಟಾಗ ಹನ್ನೆರಡು ಮಂದಿಯಲ್ಲಿಯೂ ಗಂತಿ ಕಾಣದಂತಾಯಿತೆಂಬ ಸುದ್ದಿ ಬಂತು. ಏಡಿಗಂತಿಗೆ ಸಂಜೀವಿನಿ ಸಿಕ್ಕಿತೆಂದು ಜನ ಕುಣಿದಾಡಿದರು. ಸುದ್ದಿ ನಿಜವೇ, ಅನಂತರದ ವರ್ಷಗಳಲ್ಲಿ ಅದು ಇನ್ನೂ ದೃಢಪಟ್ಟಿದೆ. ಆದರೆ ಅವರೆಲ್ಲರ ಗಂತಿಯೂ ಕರಡು ತಿದ್ದುವವರಿಲ್ಲದ ಅಪರೂಪದ ಜಾತಿಯದು. ಮತ್ತು ಯಾರಲ್ಲಿಯೂ ಅದು ದೂರದ ಅಂಗಗಳಿಗೆ ಹರಡಿರಲಿಲ್ಲ. ಈ ಎರಡು ವಿಶೇಷಣಗಳನ್ನು ಕಿತ್ತುಹಾಕಿದರೆ ಸುದ್ದಿ ಸುಳ್ಳಾಗುತ್ತದೆ. ವಿಶೇಷಣಗಳನ್ನು ಅಲಂಕಾರವೆಂದು ತಿಳಿದ ವಿದ್ಯಾರ್ಥಿಗಳಿಗೆ ನಾನು ಈಗ ಈ ನಿದರ್ಶನವನ್ನೇ ಕೊಡುತ್ತೇನೆ.

*

ಮದ್ದಿನ ಬೆಲೆಯನ್ನು ಕೇಳಿದಾಗ ಅಣ್ಣ ಒಮ್ಮೆ ಕಣ್ಣು ಮುಚ್ಚಿದ. ಒಂದೊಂದು ಸಲಕ್ಕೂ ಲಕ್ಷದ ಲೆಕ್ಕ. ಮೂರು ವಾರಕ್ಕೊಮ್ಮೆ, ಎರಡು ವರ್ಷ. “ತೋಟ ಮಾರಬೇಡ ಕಣೋ. ಅಪ್ಪ ನೆಟ್ಟ ಗಿಡಗಳು. ನಾನು ಹೋದರೂ ಅವು ಇರ್ತವೆ” ಎಂದ. ತೋಟ ಮಾರಲಿಲ್ಲ. ನನ್ನ ಭವಿಷ್ಯನಿಧಿ, ತಂಗಿಯ ಬಳೆ, ಬ್ಯಾಂಕಿನ ಸಾಲ, ಮದ್ದಿನ ತಯಾರಕರ ಸಹಾಯಯೋಜನೆ ಇವೆಲ್ಲ ಸೇರಿ ಗಾಡಿ ಸಾಗಿತು. ಇಷ್ಟು ಕೂಡಿಸಲು ಒಬ್ಬ ತಮ್ಮ ಸಂಬಳದ ನೌಕರಿಯಲ್ಲಿರಬೇಕೆಂಬುದೂ, ಅವನನ್ನು ಓದಿಸಲು ಅಣ್ಣ ತನ್ನ ಓದು ಬಿಟ್ಟಿರಬೇಕೆಂಬುದೂ ಯಾವ ವೈದ್ಯಗ್ರಂಥದಲ್ಲಿಯೂ ಬರೆದಿಲ್ಲ. ಇಂಥ ಅನುಕೂಲವಿಲ್ಲದ ಎಷ್ಟು ಮನೆಗಳಿಗೆ ಈ ಮದ್ದು ಬರಿಯ ಹೆಸರಾಗಿ ಉಳಿಯುತ್ತದೆಯೋ!

2024ರ ಫೆಬ್ರುವರಿಯಲ್ಲಿ ಮೊದಲ ಸಲ ಮದ್ದು ಹನಿಯಿತು. ಅರ್ಧ ಗಂಟೆಯ ಕೆಲಸ. ಕೂದಲು ಉದುರಲಿಲ್ಲ, ವಾಂತಿಯಾಗಲಿಲ್ಲ. ಆರು ವಾರದ ಹೊತ್ತಿಗೆ ರಕ್ತ ನಿಂತಿತು. ಮೂರು ತಿಂಗಳ ಚಿತ್ರದಲ್ಲಿ ಯಕೃತ್ತಿನ ಮೂರು ಕಲೆಗಳಲ್ಲಿ ಒಂದು ಕಾಣಲಿಲ್ಲ, ಎರಡು ಕುಗ್ಗಿದ್ದವು. ಎಚ್ಚೆತ್ತ ಕಾವಲುಗಾರರು ಮನೆಯವರ ಮೇಲೆಯೂ ಒಮ್ಮೆ ಕೈಮಾಡಿದರು: ಅಣ್ಣನ ಥೈರಾಯ್ಡ್ ಗ್ರಂಥಿ ಕೆಟ್ಟಿತು. ಬೇರೆಯವರಿಗೆ ಶ್ವಾಸಕೋಶ, ಕರುಳು, ಯಕೃತ್ತುಗಳೂ ಉರಿಯೇಳಬಹುದಂತೆ. ಇವನಿಗೆ ದಿನಕ್ಕೊಂದು ಮಾತ್ರೆಯಲ್ಲಿ ಮುಗಿಯಿತು. ಬೆಳಗಿನ ಕಾಫಿಗೆ ಮೊದಲು ಅದನ್ನು ನುಂಗಿ, ‘ಇದು ಕಾವಲಿನವರ ಕೂಲಿ’ ಎನ್ನುತ್ತಾನೆ.

ಪಕ್ಕದ ಕುರ್ಚಿಯಲ್ಲಿ ಮದ್ದು ಹಾಕಿಸಿಕೊಳ್ಳಲು ದಾವಣಗೆರೆ ಕಡೆಯ ನಿವೃತ್ತ ಶಾಲಾಮಾಸ್ತರರೊಬ್ಬರು ಬರುತ್ತಿದ್ದರು. ಅದೇ ಗುದನಾಳ, ಅದೇ ಯಕೃತ್ತು. ಆದರೆ ಅವರ ಗಂತಿಯಲ್ಲಿ ನಾಲ್ವರು ಕರಡು ತಿದ್ದುವವರೂ ಹಾಜರಿದ್ದರು. ಆದುದರಿಂದ ಈ ಮದ್ದು ಅವರಿಗೆ ಪ್ರಯೋಜನವಿಲ್ಲ. ಹಳೆಯ ಮದ್ದಿನ ಸಣ್ಣ ಬುಡ್ಡಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಅವರು ಮನೆಗೆ ಹೋಗುತ್ತಿದ್ದರು. “ನಿಮ್ಮ ಮನೆತನದ ದೋಷ ನಮಗೂ ಇದ್ದಿದ್ದರೆ ಚೆನ್ನಾಗಿತ್ತು, ಗೌಡರೇ” ಎಂದು ಒಂದು ದಿನ ನಗುತ್ತ ಹೇಳಿದರು. ಅಣ್ಣನಿಗೆ ಉತ್ತರ ಹೊಳೆಯಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಕುರ್ಚಿಯಲ್ಲಿ ಬೇರೆಯವರು ಕುಳಿತಿದ್ದರು. ಅಂದು ರೈಲಿನಲ್ಲಿ ತುಮಕೂರು ದಾಟುವವರೆಗೆ ಅಣ್ಣ ಮಾತನಾಡಲಿಲ್ಲ.

*

ಇಷ್ಟೆಲ್ಲ ತಿಳಿದ ನಾನು ಏನು ಮಾಡಿದೆ? ತಂದೆಯಿಂದ ಆ ತಪ್ಪು ನನಗೂ ಇಳಿದಿರುವ ಸಂಭವ ಸರಿಯಾಗಿ ಅರ್ಧ. ಒಂದು ಸಣ್ಣ ಸೀಸೆ ರಕ್ತ ಕೊಟ್ಟರೆ ತಿಳಿದುಬಿಡುತ್ತದೆಂದು ವೈದ್ಯೆ ಹೇಳಿದರು. ನಾನು ಮೌಲ್ಯಮಾಪನ ಮುಗಿಯಲೆಂದೆ. ಆಮೇಲೆ ಪ್ರವೇಶಾತಿ ಮುಗಿಯಲೆಂದೆ. ನಾಲ್ಕು ತಿಂಗಳು ಕಳೆಯಿತು. ಅಣ್ಣ ಅಜ್ಞಾನದಿಂದ ಎಂಟು ತಿಂಗಳು ಕಳೆದ. ನಾನು ಜ್ಞಾನವಿದ್ದೂ ನಾಲ್ಕು ತಿಂಗಳು ಕಳೆದೆ. ಯಾವುದು ದೊಡ್ಡ ತಪ್ಪೆಂದು ವಾಚಕರೇ ನಿರ್ಣಯಿಸಲಿ. ನನಗೆ ಅಂಜಿಕೆಯಿದ್ದುದು ನನ್ನ ಬಗೆಗಿಂತ, ಕಾಲೇಜಿನಲ್ಲಿ ಓದುತ್ತಿರುವ ಮಗಳ ಬಗೆಗೆ. ನನ್ನಲ್ಲಿ ಆ ತಪ್ಪು ಇದೆಯೆಂದು ಗೊತ್ತಾದ ದಿನವೇ ಅವಳ ಮೇಲೂ ಅರ್ಧದ ನೆರಳು ಬೀಳುತ್ತದಲ್ಲವೇ? ಕಡೆಗೆ ಅಣ್ಣನೇ ಗದರಿಸಿದ: “ಲೋ, ನನಗೆ ಬುದ್ಧಿ ಹೇಳಿ ಕರ್ಕೊಂಡು ಬಂದೋನು ನೀನು. ಈಗ ನೀನೇ ಮುಲಾಮು ಹಚ್ಕೊಂಡು ಕೂತಿದೀಯಾ?”

ರಕ್ತ ಕೊಟ್ಟೆವು. ತಂಗಿಗೆ ಇಲ್ಲ, ನನಗೆ ಇದೆ. ಕೊಳವೆಯ ದರ್ಶಕದಿಂದ ನನ್ನ ದೊಡ್ಡ ಕರುಳನ್ನು ನೋಡಿದಾಗ ಅವರೆಕಾಳಿನಷ್ಟು ಒಂದು ಮೊಳಕೆ ಕಂಡಿತು. ಅದೇ ದರ್ಶಕದ ಕೊಳವೆಯಿಂದ ಅದನ್ನು ತೆಗೆದುಹಾಕಿದರು. ಅದು ಇನ್ನೂ ಏಡಿಗಂತಿಯಾಗಿರಲಿಲ್ಲ. ಬಿಟ್ಟಿದ್ದರೆ ಆಗುತ್ತಿತ್ತೋ ಏನೋ. ಈ ದೋಷವಿರುವವರು ಇಪ್ಪತ್ತು-ಇಪ್ಪತ್ತೈದನೆಯ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಹೀಗೆ ನೋಡಿಸಿಕೊಳ್ಳಬೇಕೆಂಬುದು ನಿಯಮ. ಹೆಂಗಸರು ಗರ್ಭಕೋಶದ ವಿಷಯದಲ್ಲಿಯೂ ಎಚ್ಚರವಾಗಿರಬೇಕು. ಮಗಳಿಗೆ ನಾನೇ ಕುಳಿತು ವಿವರಿಸಿದೆ. ಅವಳು ಅಳಲಿಲ್ಲ. “ಗೊತ್ತಿರೋದು ಒಳ್ಳೇದಲ್ವಾ, ಅಪ್ಪಾ” ಎಂದಳು. ಆ ಪೀಳಿಗೆಗೆ ನಮ್ಮಷ್ಟು ಸಂಕೋಚವಿಲ್ಲ. ಅದೇ ಅವರಿಗೆ ದೊರೆತ ದೊಡ್ಡ ರಕ್ಷೆ.

2024ರ ಮಾರ್ಗಶಿರದಲ್ಲಿ ತಂದೆಯ ತಿಥಿ ಬಂತು. ದಾಯಾದಿಗಳು, ಸೋದರತ್ತೆಯ ಮಕ್ಕಳು, ಎಲ್ಲರೂ ಹಜಾರದಲ್ಲಿ ಸೇರಿದ್ದರು. ಊಟವಾಗಿ ಎಲೆಯಡಿಕೆಯ ತಟ್ಟೆ ಬಂದಾಗ ಯಾರೋ ಹಿರಿಯರು, “ಈಗ ಹೊಟ್ಟೆಹುಣ್ಣು ಹೇಗಿದೆಯಪ್ಪಾ?” ಎಂದು ಅಣ್ಣನನ್ನು ವಿಚಾರಿಸಿದರು. ಅಣ್ಣ ನನ್ನ ಕಡೆ ನೋಡಿದ. ಆಮೇಲೆ ಹೆಂಗಸರು ಮಕ್ಕಳೆಲ್ಲ ಕೇಳುವಂತೆ, ಕೊಬ್ಬರಿಯ ಧಾರಣೆ ಹೇಳುವಷ್ಟೇ ಸರಾಗವಾಗಿ, “ಹೊಟ್ಟೆಹುಣ್ಣಲ್ಲ ಚಿಕ್ಕಪ್ಪಾ, ಗುದನಾಳದ ಕ್ಯಾನ್ಸರು. ಅಪ್ಪನಿಗೂ ಅದೇ ಆಗಿತ್ತು. ಅತ್ತೆಗೆ ಗರ್ಭಕೋಶಕ್ಕೆ ಬಂದದ್ದೂ ಇದೇ ಬೇರಿಂದು. ನಿಮ್ಮ ಮಕ್ಕಳೆಲ್ಲ ಒಂದು ಸಲ ರಕ್ತಪರೀಕ್ಷೆ ಮಾಡಿಸಿ. ಮಲದಲ್ಲಿ ರಕ್ತ ಕಂಡರೆ ನಾಚ್ಕೊಂಡು ಕೂರಬೇಡಿ” ಎಂದ. ಹಜಾರ ಒಂದು ನಿಮಿಷ ಮೌನವಾಯಿತು. ಒಳಗಿನ ಕೋಣೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೋದರತ್ತೆಯ ದೊಡ್ಡ ಮಗ ಎದ್ದು ಬಂದು ಅಣ್ಣನ ಪಕ್ಕದಲ್ಲಿ ಕುಳಿತು, ತನಗೂ ಮೂರು ತಿಂಗಳಿಂದ ರಕ್ತ ಹೋಗುತ್ತಿರುವುದಾಗಿ ಮೆಲ್ಲನೆ ಹೇಳಿದ.

ನಿಘಂಟುಗಳನ್ನು ತಿರುವಿಹಾಕಿದ ನನಗೆ ಸಿಗದಿದ್ದ ಮಾತು, ಎಸ್.ಎಸ್.ಎಲ್.ಸಿ.ಗೆ ಓದು ಬಿಟ್ಟವನ ಬಾಯಿಂದ ಬಂತು. ಆ ಮಾತಿನಿಂದ ಒಬ್ಬನಾದರೂ ಎಂಟು ತಿಂಗಳನ್ನು ಉಳಿಸಿಕೊಂಡ.

ಇದನ್ನು ಬರೆಯುವ ಹೊತ್ತಿಗೆ ಅಣ್ಣನಿಗೆ 24 ಸಲ ಮದ್ದಾಗಿದೆ. ಇನ್ನು 11 ಸಲ ಉಳಿದಿದೆ. ಗುದನಾಳದಲ್ಲಿ ಒಂದು ಗಾಯದ ಗುರುತು, ಯಕೃತ್ತಿನಲ್ಲಿ ಒಂದು ಚಿಕ್ಕ ಕಲೆ ಇವೆ. ಆ ಕಲೆ ಜೀವಂತವೋ ಬರಿಯ ಬೂದಿಯೋ ಎಂಬುದನ್ನು ಮುಂದಿನ ಚಿತ್ರಗಳು ಹೇಳಬೇಕು. ಗೆದ್ದನೆಂದು ನಾನು ಬರೆಯಲಾರೆ, ಸೋಲಲಿಲ್ಲವೆಂದು ಬರೆಯಬಲ್ಲೆ. ಬರುವ ಗುರುವಾರ ಮತ್ತೆ ರೈಲಿಗೆ ಬರುತ್ತಾನೆ. ಬರುವಾಗ ಆ ತರುಣ ವೈದ್ಯೆಗೆಂದು ಪ್ರತಿಸಲದಂತೆ ಎರಡು ಎಳನೀರು ತರುತ್ತಾನೆ. ಅವು ಅಪ್ಪ ನೆಟ್ಟ ಗಿಡದವು.